ಬೀಳದಂಗೆ ಏನಾದ್ರೂ ಇದೆಯಾ?



ಮೊನ್ನೆ ರಾತ್ರಿ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ವಸ್ತುಪ್ರದರ್ಶನ. ಐದು ಜನ ವಿದ್ಯಾರ್ಥಿಗಳು, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಬಾಗಿಲಗಲದ ಚೆಕ್ಕು. ಅವರ ಹಿಂದೆ ಆಳೆತ್ತರದ ಬ್ಯಾನರು. ಬ್ಯಾನರಿನ ಮೇಲೆ ಇರೋದು ನಮ್ಮಕ್ಕ.

ಹೌದು, ನನ್ನ ಒಡಹುಟ್ಟಿದ ಅಕ್ಕ. ಎರಡೂ ಕಂಕುಳಲ್ಲಿ ಕೋಲು, ಹಳೇ ನೈಟಿ, ಮೇಲೊಂದು ಟವಲು. ಮನೆ ಮುಂದಿನ ಚರಂಡಿ ಚಪ್ಪಡಿ ದಾಟುವಾಗ ತೆಗೆದ ಫೋಟೋ. ಕೆಳಗೆ ಇಂಗ್ಲಿಷಿನಲ್ಲಿ ಏನೇನೋ ದೊಡ್ಡ ಮಾತು. ಅವಳ ಹೆಸರಿಲ್ಲ. ಅವಳನ್ನ ಕೇಳಿಲ್ಲ. ಅಕ್ಕನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿ, "ಸೀರೆ ಉಟ್ಕೊಳ್ಳೋಕಾದ್ರೂ ಹೇಳ್ಬಾರ್ದಿತ್ತೇನೋ" ಅಂದಳು. ಅಷ್ಟೇ. ಅವಳು ಅಷ್ಟಕ್ಕೇ ಬಿಟ್ಟಳು. ನಾನು ಬಿಡಲ್ಲ. ಪೋಸ್ಟ್ ಉದ್ದ ಇದೆ, ಟೈಮ್ ಮಾಡ್ಕೊಂಡು ಓದಿ.

ನಮ್ಮದು ಪಾವಗಡ ತಾಲೂಕು. ಹೋದ ಬೇಸಿಗೆಯಲ್ಲಿ ಈ ಹುಡುಗ್ರು ಬಂದ್ರು. ಇಂಟರ್ನ್‌ಶಿಪ್ ಅಂತೆ. ಅಂಗವಿಕಲರಿಗೆ ನೆರವಾಗೋ ತಂತ್ರಜ್ಞಾನ ಕಂಡುಹಿಡಿಯೋದು ಅಂತೆ. ದುಡ್ಡು ಯಾವುದೋ ಕಂಪನಿಯ ಸಿಎಸ್ಆರ್ ಲೆಕ್ಕದ್ದು. ಮಾದಿಗರ ಕೇರಿಗೆ ಎಸಿ ಗಾಡಿ ಬಂದಿದ್ದೇ ದೊಡ್ಡ ಸುದ್ದಿ. ನಮ್ಮಕ್ಕ ಚಾಪೆ ಹಾಸಿ ಕೂರಿಸಿದಳು. ಅಕ್ಕನ ಮಗಳು ಚೊಂಬಿನಲ್ಲಿ ನೀರು ತಂದಿಟ್ಟಳು. ಯಾರೂ ಮುಟ್ಟಲಿಲ್ಲ, ಬ್ಯಾಗಿನಿಂದ ಬಾಟಲಿ ತೆಗೆದು ಕುಡಿದ್ರು. ಇದನ್ನ ಜಾತಿ ಅಂತ ನಾನು ಹೇಳಲ್ಲ. ನಮ್ಮ ಕಡೆ ಬೋರ್‌ವೆಲ್ ನೀರು ಫ್ಲೋರೈಡ್ ನೀರು, ನಾವೇ ಹೆದರಿಕೊಂಡು ಕುಡಿಯೋದು. ಆದ್ರೆ ಚೊಂಬು ಹಂಗೇ ತುಂಬಿಕೊಂಡು ವಾಪಸ್ ಒಳಗೆ ಹೋಗೋದನ್ನ ನೋಡಿದಾಗ ನನ್ನ ವಯಸ್ಸಿನ ಮಾದಿಗನಿಗೆ ಏನೇನು ನೆನಪಾಗುತ್ತೆ ಅಂತ ಆ ಹುಡುಗ್ರಿಗೆ ಹೆಂಗೆ ಗೊತ್ತಾಗಬೇಕು.

ಬೈಯ್ಯೋದಕ್ಕೆ ಮುಂಚೆ ಒಂದು ಮಾತು. ಆ ಹುಡುಗ್ರು ಕೆಟ್ಟವರಲ್ಲ. ಒಬ್ಬ ಹುಡುಗಿಯಂತೂ ಅಕ್ಕನ ಕಾಲು ನೋಡಿ ಕಣ್ಣೀರು ಹಾಕ್ಕೊಂಡಳು. ನನ್ನ ಜಗಳ ಅವರನ್ನ ಕಳಿಸಿದ ವ್ಯವಸ್ಥೆಯ ಜೊತೆ.

ಕೈಯಲ್ಲಿ ಫಾರಂ ಇತ್ತು, ಮೂವತ್ತೆರಡು ಪ್ರಶ್ನೆ. ಸ್ಮಾರ್ಟ್‌ಫೋನ್ ಇದೆಯಾ? ಒಂಟಿಯಾಗಿ ಓಡಾಡುವಾಗ ಎಷ್ಟು ಭಯ ಆಗುತ್ತೆ, ಒಂದರಿಂದ ಐದರೊಳಗೆ ನಂಬರ್ ಹೇಳಿ. ಅಕ್ಕ ನನ್ನ ಮುಖ ನೋಡಿದಳು. ಎರಡು ವರ್ಷದ ಮಗು ಇದ್ದಾಗ ಪೋಲಿಯೊ ಬಂದು, ಐವತ್ತರ ಹತ್ತಿರ ಬಂದಿರೋ ಹೆಂಗಸು ಅವಳು. ಕೈಮಿಷನ್ನಿನಲ್ಲಿ ರವಿಕೆ ಹೊಲಿದು ಮಗಳನ್ನ ಇಂಜಿನಿಯರಿಂಗ್ ಓದಿಸಿದವಳು. ಅವಳ ಭಯಕ್ಕೆ ನಂಬರ್ ಎಷ್ಟು ಕೊಡೋದು?

ಮೂವತ್ತೆರಡು ಪ್ರಶ್ನೆಯಲ್ಲಿ ಒಂದರಲ್ಲೂ ಕಕ್ಕಸಿಗೆ ಹೆಂಗೆ ಹೋಗ್ತೀರಮ್ಮ ಅಂತ ಇರಲಿಲ್ಲ. ಸರ್ಕಾರ ಕಟ್ಟಿಸಿಕೊಟ್ಟ ಶೌಚಾಲಯದ ಮುಂದೆ ಒಂದೂವರೆ ಅಡಿ ಎತ್ತರದ ಮೆಟ್ಟಿಲಿದೆ. ಒಳಗೆ ಹಿಡ್ಕೊಳ್ಳೋಕೆ ಒಂದು ಕಂಬಿ ಇಲ್ಲ. ಪಂಚಾಯ್ತಿಯಲ್ಲಿ ವಿಕಲಚೇತನರಿಗೆ ಅಂತ ಶೇ 5ರ ಹಣ ಇದೆ. ಅದರಲ್ಲಿ ಒಂದು ಕಂಬಿ, ಒಂದು ಇಳಿಜಾರು ಹಾಕಿಸೋಕೆ ನಾನು ಮೂರು ಸಲ ಅರ್ಜಿ ಕೊಟ್ಟಿದೀನಿ. ಪಂಚಾಯ್ತಿಯಲ್ಲಿ ವಿಕಲಚೇತನರ ಕೆಲಸಕ್ಕೆ ಅಂತಾನೇ ಒಬ್ಬ ಪುನರ್ವಸತಿ ಕಾರ್ಯಕರ್ತ ಇದಾನೆ. ಅವನೂ ಅಂಗವಿಕಲನೇ, ಬರೀ ಗೌರವಧನಕ್ಕೆ ದುಡಿಯೋನು. ಯಾರ ಮನೇಲಿ ಏನು ಬೇಕು ಅಂತ ಅವನ ಬಾಯಲ್ಲೇ ಇದೆ. ಅವನ ಹತ್ತಿರ ಯಾರೂ ಹೋಗಲಿಲ್ಲ.

ಕಡೆಗೆ ಅವರು ಕಂಡುಹಿಡಿದಿದ್ದು ಸ್ಮಾರ್ಟ್ ಊರುಗೋಲು. ಕೋಲಿನ ಮೇಲೆ ಒಂದು ಡಬ್ಬಿ, ಡಬ್ಬಿಯೊಳಗೆ ಸೆನ್ಸಾರು, ಜಿಪಿಎಸ್ಸು, ಸಿಮ್ಮು, ಬ್ಯಾಟರಿ. ಅಕ್ಕ ಬಿದ್ರೆ ನನ್ನ ಫೋನಿಗೆ ಮೆಸೇಜು ಬರುತ್ತೆ. ವಿವರಿಸಿ ಹೇಳಿದ್ರು. ಅಕ್ಕ ಪೂರ್ತಿ ಕೇಳಿಸಿಕೊಂಡು ಹೇಳಿದ ಮಾತು ಇದು:

"ಬಿದ್ಮೇಲೆ ಗೊತ್ತಾಗುತ್ತೆ ಸರಿ ಕಣಪ್ಪಾ. ಬೀಳದಂಗೆ ಏನಾದ್ರೂ ಇದೆಯಾ?"

ಹುಡುಗ್ರು ನಕ್ಕರು. ಅವಳು ತಮಾಷೆ ಮಾಡಿರಲಿಲ್ಲ. ಅವಳು ಬೀಳೋದಕ್ಕೆ ಕಾರಣ ಕೋಲಿನ ತುದಿಯ ರಬ್ಬರ್ ಬುಷ್. ನಮ್ಮ ಕಲ್ಲುನೆಲಕ್ಕೆ ಎರಡು ತಿಂಗಳಿಗೆಲ್ಲ ಸವೆದುಹೋಗುತ್ತೆ. ಸವೆದ್ರೆ ಒಳಗಿನ ಅಲ್ಯುಮಿನಿಯಂ ಪೈಪು ನೆಲಕ್ಕೆ ತಾಗಿ, ಒದ್ದೆ ಚಪ್ಪಡಿ ಮೇಲೆ ಸರ್ ಅಂತ ಜಾರುತ್ತೆ. ಆ ಬುಷ್ಷಿಗೆ ಮೂವತ್ತು ರೂಪಾಯಿ. ಪಾವಗಡದ ಔಷಧಿ ಅಂಗಡಿಗಳಲ್ಲಿ ಸಿಗಲ್ಲ. ನಾನು ತುಮಕೂರಿಗೋ ಬೆಂಗಳೂರಿಗೋ ಹೋದಾಗ ತರಬೇಕು. ಇಂಟರ್ನ್‌ಶಿಪ್ಪಿನ ಹುಡುಗ್ರು ಕಲ್ಲುನೆಲದಲ್ಲಿ ಒಂದು ವರ್ಷ ಬಾಳೋ ಬುಷ್ ಮಾಡಿದ್ರೆ ಅವರ ಕೈಗೆ ನಾನೇ ಹಾರ ಹಾಕ್ತಿದ್ದೆ. ಆದ್ರೆ ರಬ್ಬರ್ ಬುಷ್ಷಿಗೆ ಯಾವ ಕಾಲೇಜು ಚೆಕ್ಕು ಕೊಡುತ್ತೆ ಹೇಳಿ? ಅದರಲ್ಲಿ ಆ್ಯಪ್ ಇಲ್ಲ, ಎಐ ಇಲ್ಲ.

ಇನ್ನೂ ಇದೆ ಕೇಳಿ. ಡಬ್ಬಿ ಕೂರಿಸೋಕೆ ಅಂತ ಅಕ್ಕನ ಕೋಲುಗಳನ್ನೇ ತಗೊಂಡು ಹೋದ್ರು. ಎರಡು ದಿನ ಅಂದೋರು ಹನ್ನೊಂದು ದಿನ ಬಿಟ್ಟು ಬಂದ್ರು. ಹನ್ನೊಂದು ದಿನ ನಮ್ಮಕ್ಕ ಮನೆಯೊಳಗೆ ತೆವಳಿದಳು. ತಂದುಕೊಟ್ಟ ಕೋಲು ಭಾರ, ಮೂರನೇ ದಿನಕ್ಕೆ ಭುಜ ಹಿಡ್ಕೊಂತು. ಒಂದು ವಾರ "ಟ್ರಯಲ್" ಮುಗಿಸಿ, ಕಾಲೇಜಿನಲ್ಲಿ ಮಾರ್ಕ್ಸ್ ಕೊಡೋಕೆ ಮಾಡೆಲ್ ತೋರಿಸಬೇಕು, ಹೊಸ ಜೊತೆ ಕಳಿಸ್ತೀವಿ ಅಂತ ಹೇಳಿ ವಾಪಸ್ ತಗೊಂಡು ಹೋದ್ರು. ಹೊಸದು ಇವತ್ತಿನವರೆಗೂ ಬಂದಿಲ್ಲ. ಒಂಬೈನೂರು ರೂಪಾಯಿ ಕೊಟ್ಟು ಬೇರೆ ತಂದ್ವಿ. ಕಾಲೇಜಿಗೆ ಫೋನ್ ಮಾಡಿದ್ರೆ, ಆ ಬ್ಯಾಚ್ ಪಾಸ್ ಔಟ್ ಆಯ್ತು ಸಾರ್ ಅಂತಾರೆ.

ಪಾಸ್ ಔಟ್ ಆಯ್ತು. ಆ ಐದು ಜನರ ರೆಸ್ಯೂಮೆಯಲ್ಲಿ ನಮ್ಮಕ್ಕ ಒಂದು ಸಾಲು.

ಈಗ ಅಕ್ಕನ ಮಗಳ ವಿಷಯಕ್ಕೆ ಬರ್ತೀನಿ. ನನಗೆ ನಿಜವಾಗಿ ಹೊಟ್ಟೆ ಉರಿಯೋದು ಇಲ್ಲೇ.

ಅವಳೂ ಇಂಜಿನಿಯರಿಂಗ್. ಎಲೆಕ್ಟ್ರಾನಿಕ್ಸ್. ಸರ್ಕಾರಿ ಕಾಲೇಜು, ಎಸ್‌ಸಿ ಕೋಟಾ, ಹಾಸ್ಟೆಲ್. ಆ ಹುಡುಗ್ರು ಡಬ್ಬಿಯೊಳಗೆ ಹಾಕಿದ್ದ ಬೋರ್ಡು ನೋಡಿ, "ಮಾವ, ಇದು ನಮ್ಮ ಲ್ಯಾಬಲ್ಲೂ ಇದೆ, ನಾನೂ ಪ್ರೋಗ್ರಾಮ್ ಬರೀತೀನಿ" ಅಂದಳು. ಅವಳಿಗೂ ಇಂಟರ್ನ್‌ಶಿಪ್ ಕಡ್ಡಾಯ, ಇಲ್ಲದಿದ್ರೆ ಡಿಗ್ರಿ ಮುಗಿಯಲ್ಲ. ಬೆಂಗಳೂರಿನ ಒಂದು ಕಡೆ ಅಂಗವಿಕಲರ ಸಾಧನ ತಯಾರಿಸೋ ಲ್ಯಾಬಿಗೆ ಅರ್ಜಿ ಹಾಕಿದ್ದಳು. ಇಂಟರ್‌ವ್ಯೂನಲ್ಲಿ ಆಯ್ಕೆಯೂ ಆಯ್ತು. ಮೂರು ತಿಂಗಳು, ಸ್ಟೈಪೆಂಡ್ ಇಲ್ಲ. ಪಿಜಿಗೆ ತಿಂಗಳಿಗೆ ಏಳು ಸಾವಿರ, ಬಸ್ಸು, ಊಟ. ಲೆಕ್ಕ ಹಾಕಿ ನೋಡಿದ್ವಿ, ಮೂವತ್ತು ಸಾವಿರ ದಾಟಿತು. ರವಿಕೆ ಹೊಲಿಯೋ ದುಡ್ಡಲ್ಲಿ ಅದು ಆಗೋ ಮಾತಲ್ಲ. ನಾನು ಸಾಲ ಮಾಡ್ತೀನಿ ಅಂದೆ, ಅವಳೇ ಬೇಡ ಅಂದಳು. ಕೊನೆಗೆ ಯಾವುದೋ ಸಂಸ್ಥೆಗೆ ನಾಲ್ಕೂವರೆ ಸಾವಿರ ಕಟ್ಟಿ, ಆನ್‌ಲೈನಲ್ಲಿ ನಾಲ್ಕು ವೀಡಿಯೋ ನೋಡಿ, ವೆಬ್ ಡೆವಲಪ್‌ಮೆಂಟ್ ಇಂಟರ್ನ್‌ಶಿಪ್ ಅನ್ನೋ ಸರ್ಟಿಫಿಕೇಟ್ ತಗೊಂಡಳು. ಈ ಸರ್ಟಿಫಿಕೇಟ್ ವ್ಯಾಪಾರ ಎಷ್ಟು ಜೋರಾಗಿ ನಡೀತಿದೆ ಅಂತ ನಿಮ್ಮ ಮನೆಯಲ್ಲಿ ಓದೋ ಮಕ್ಕಳಿದ್ರೆ ಕೇಳಿ.

ಹುಟ್ಟಿದಾಗಿಂದ ಅಮ್ಮನ ಕೋಲಿನ ಸದ್ದು ಕೇಳಿ ಬೆಳೆದವಳು, ಬುಷ್ ಸವೆದಿದೆ ಅಂತ ಸದ್ದಿನಲ್ಲೇ ಗುರುತು ಹಿಡಿಯೋಳು, ಅವಳು ಲ್ಯಾಬಿನೊಳಗೆ ಹೋಗೋಕಾಗಲಿಲ್ಲ. ಊರುಗೋಲನ್ನ ಸಿನಿಮಾದಲ್ಲಿ ಬಿಟ್ಟು ಬೇರೆಲ್ಲೂ ನೋಡದ ಮಕ್ಕಳು ಅವಳ ಮನೆಗೇ ಬಂದು, ಅವಳ ಕೈಲೇ ನೀರು ತರಿಸಿ, ಅವಳ ಅಮ್ಮನ ಮೇಲೆ ಪ್ರಾಜೆಕ್ಟ್ ಮಾಡಿದ್ರು. ಅವಳು ಆ ದಿನ ಬಾಗಿಲ ಹತ್ತಿರ ನಿಂತೇ ಇದ್ದಳು. ನೀನೇನಮ್ಮ ಓದ್ತಿರೋದು ಅಂತ ಯಾರೂ ಕೇಳಲಿಲ್ಲ.

ಇದಕ್ಕೆ ಕಾನೂನಿನ ಕಡೆಯಿಂದಲೂ ಒಂದು ಕತೆ ಇದೆ. ಐಟಿಐ ಓದಿದ ಹುಡುಗ ಫ್ಯಾಕ್ಟರಿಗೆ ಹೋದ್ರೆ ಅವನು ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆ ಅವನಿಗಿದೆ. ಸ್ಟೈಪೆಂಡ್ ಕೊಡಲೇಬೇಕು. ಅದೇ ಕಾಯ್ದೆಯ 3ಎ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ತರಬೇತಿ ಸ್ಥಾನಗಳಲ್ಲಿ ಮೀಸಲಾತಿ ಇದೆ. ಅದೇ ಕೆಲಸಕ್ಕೆ "ಇಂಟರ್ನ್" ಅಂತ ಹೆಸರಿಟ್ಟುಬಿಡಿ. ಸ್ಟೈಪೆಂಡ್ ಅವರಿಷ್ಟ, ಮೀಸಲಾತಿ ಮಾತೇ ಇಲ್ಲ. ಮೀಸಲಾತಿಯಿಂದ ನಮ್ಮ ಮಕ್ಕಳು ಕಾಲೇಜಿನ ಬಾಗಿಲು ದಾಟಿದ್ರೆ, ಒಳಗೆ ಇನ್ನೊಂದು ಬಾಗಿಲು ಇಟ್ಟಿದಾರೆ. ಅದಕ್ಕೆ ಬೀಗ ಅಂತ ಕಾಣಲ್ಲ, ಪಿಜಿ ಬಾಡಿಗೆ ಅಂತ ಕಾಣುತ್ತೆ. ಅಂಗವಿಕಲ ವಿದ್ಯಾರ್ಥಿಗಳದ್ದೂ ಇದೇ ಪಾಡು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5, ಸರ್ಕಾರಿ ಉದ್ಯೋಗದಲ್ಲಿ ಶೇ 4 ಮೀಸಲು ಕೊಟ್ಟಿದೆ. ಓದಿಗೂ ಉದ್ಯೋಗಕ್ಕೂ ನಡುವಿನ ಈ ಸೇತುವೆ ಮೇಲೆ ಯಾರಿಗೂ ಏನೂ ಇಲ್ಲ. ಕೇಂದ್ರ ಸರ್ಕಾರ 2024ರಲ್ಲಿ ತಂದ ಪಿಎಂ ಇಂಟರ್ನ್‌ಶಿಪ್ ಯೋಜನೆಯಲ್ಲಿ ಶುರುವಿಗೆ ಇಟ್ಟಿದ್ದು ತಿಂಗಳಿಗೆ 5,000 ರೂಪಾಯಿ. ಬೆಂಗಳೂರಿನಲ್ಲಿ ಅದಕ್ಕೆ ಪಿಜಿಯ ಒಂದು ಮಂಚವೂ ಬರಲ್ಲ.

"ಒಳ್ಳೆ ಕೆಲಸದಲ್ಲೂ ಜಾತಿ ಹುಡುಕ್ತೀರಲ್ಲ" ಅಂತ ಕಾಮೆಂಟ್ ಹಾಕೋರು ಈಗಾಗಲೇ ಟೈಪ್ ಮಾಡ್ತಿರ್ತೀರಿ. ಹುಡುಕೋದೇನೂ ಬೇಡ ಸ್ವಾಮಿ, ಕಾಲಡಿಯಲ್ಲೇ ಇದೆ. 2011ರ ಜನಗಣತಿ ನೋಡಿ. ದೇಶದಲ್ಲಿ ಅಂಗವಿಕಲರು 2.68 ಕೋಟಿ, ಜನಸಂಖ್ಯೆಯ ಶೇ 2.21. ಪರಿಶಿಷ್ಟ ಜಾತಿಯಲ್ಲಿ ಮಾತ್ರ ಅದು ಶೇ 2.45. ಅಂಗವಿಕಲರಲ್ಲಿ ಶೇ 69 ಜನ ಇರೋದು ಹಳ್ಳಿಯಲ್ಲಿ. ನಮ್ಮ ಮೈಗೆ ಶಾಪ ಇದೆ ಅಂತ ಅಲ್ಲ. ಕಲ್ಲುಕ್ವಾರಿ, ಗಾರೆ ಕೆಲಸ, ಚರಂಡಿ, ಕೆಟ್ಟ ನೀರು, ಊರಿಗೆ ದೂರದ ಕೇರಿ, ಆಸ್ಪತ್ರೆಗೆ ತಡ. ಮೈ ಮುರಿಯೋ ಕೆಲಸ ಯಾರ ಪಾಲಿಗೆ ಬಂತೋ ಮುರಿದ ಮೈಯೂ ಅವರದ್ದೇ. ಫ್ಲೋರೈಡ್ ನೀರು ಕುಡಿದು ನಡು ಬಾಗಿ, ಮಂಡಿ ಸೆಟೆದು ನಡೆಯೋರು ನಮ್ಮ ತಾಲೂಕಿನಲ್ಲಿ ಇದಾರೆ. ಅವರಿಗೆ ಸ್ಮಾರ್ಟ್ ಕೋಲು ಕೊಡೋದು ಆಮೇಲಿನ ಮಾತು, ಮೊದಲು ನೀರು ಕೊಡಿ. ಪಕ್ಕದಲ್ಲೇ 2,000 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ನಿಂತಿದೆ. ಜಮೀನಿದ್ದೋರಿಗೆ ಗುತ್ತಿಗೆ ಹಣ ಬಂತು, ಆ ಜಮೀನಿನಲ್ಲಿ ಕೂಲಿ ಮಾಡ್ತಿದ್ದ ನಮ್ಮವರಿಗೆ ಕೂಲಿಯೂ ಹೋಯ್ತು. ಅದು ಬೇರೆ ಪೋಸ್ಟು.

ಹಳಬರಿಗೆ ಹಂದಿಗೋಡು ನೆನಪಿರಬೇಕು. ಸಾಗರ ತಾಲೂಕು. 1974–75ರ ಹೊತ್ತಿಗೆ ಅಲ್ಲಿನ ದಲಿತ ಕೇರಿಗಳಲ್ಲಿ ಸೊಂಟ, ಮಂಡಿ ಹಿಡಿದು ನಡೆಯೋಕಾಗದ ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಮೊದಲು ಗದ್ದೆಯ ಏಡಿ ತಿಂದು ಕೀಟನಾಶಕದಿಂದ ಬಂತು ಅಂದ್ರು, ಆಮೇಲೆ ವಂಶವಾಹಿಯದ್ದು ಅಂದ್ರು. ಹೈದರಾಬಾದಿನಿಂದ, ದೆಹಲಿಯಿಂದ ತಂಡಗಳು ಬಂದ್ವು. ರಕ್ತ ತಗೊಂಡ್ರು, ಎಕ್ಸ್‌ರೇ ತೆಗೆದ್ರು. ಊರಿನ ಹೆಸರೇ ಕಾಯಿಲೆಯ ಹೆಸರಾಯ್ತು. ಕೇರಿಯವರು ತೆವಳೋದು ನಿಲ್ಲಲಿಲ್ಲ. ನಮ್ಮ ಮೈಯಿಂದ ಪ್ರಬಂಧ ಹುಟ್ಟೋದು ಹೊಸದೇನಲ್ಲ. ಆಗ ವಿಜ್ಞಾನಿಗಳು ಬರ್ತಿದ್ರು, ಈಗ ಇಂಟರ್ನ್‌ಗಳು ಬರ್ತಾರೆ.

ನಮಗೆ ತಂತ್ರಜ್ಞಾನ ಬೇಡ ಅನ್ನೋ ವಾದ ನನ್ನದಲ್ಲ. ನಮ್ಮ ಕೇರಿಯಲ್ಲೇ ಒಬ್ಬ ತಂತ್ರಜ್ಞ ಇದ್ದ, ನಮ್ಮ ಚಿಕ್ಕಪ್ಪ. ಚಪ್ಪಲಿ ಹೊಲಿಯೋನು. ಅಕ್ಕನಿಗೆ ಏಳು ವರ್ಷ ಇದ್ದಾಗ ಸರ್ಕಾರಿ ಕ್ಯಾಂಪಿನಲ್ಲಿ ಕ್ಯಾಲಿಪರ್ ಕೊಟ್ರು. ಕಬ್ಬಿಣದ ಪಟ್ಟಿ, ತೊಗಲಿನ ಬಾರು, ಕೆಳಗೆ ಬೂಟು. ಆರು ತಿಂಗಳಿಗೆ ಬಾರು ಕಿತ್ತುಬಂತು, ತೊಡೆಗೆ ಉಜ್ಜಿ ಹುಣ್ಣಾಯ್ತು. ಚಿಕ್ಕಪ್ಪ ಅದನ್ನ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಅರ್ಧ ದಿನ ಸುಮ್ಮನೆ ನೋಡಿದ. ಆಮೇಲೆ ಮೆತ್ತನೆಯ ಆಡಿನ ತೊಗಲು ಒಳಗೆ ಕೊಟ್ಟು, ಮೇಣ ಹಚ್ಚಿದ ದಾರದಲ್ಲಿ ದಬ್ಬಳದಿಂದ ಹೊಲಿದ. ಬೂಟಿಗೆ ಟೈರಿನ ಅಟ್ಟೆ ಹಾಕಿದ. ಅವಳು ಬೆಳೆದಂಗೆ ಪ್ರತಿ ವರ್ಷ ಬಾರು ಬದಲಾಯಿಸಿದ. ತೊಡೆಯ ಪಟ್ಟಿ ಬಿಗಿ ಆಯ್ತಾ, ಮಂಡಿ ಹತ್ತಿರ ಚುಚ್ಚುತ್ತಾ ಅಂತ ಅವಳನ್ನೇ ಕೇಳಿ ಕೇಳಿ ಮಾಡ್ತಿದ್ದ. ಇಪ್ಪತ್ತು ವರ್ಷ ಈ ಕೆಲಸ ಮಾಡಿದ, ಅಕ್ಕಪಕ್ಕದ ಹಳ್ಳಿಯ ಪೋಲಿಯೊ ಮಕ್ಕಳಿಗೂ ಮಾಡಿಕೊಟ್ಟ. ಮೇಲ್ಜಾತಿಯ ಮನೆಗಳಿಂದಲೂ ಕ್ಯಾಲಿಪರ್ ಬರ್ತಿತ್ತು. ಮಗು ಬರ್ತಿರಲಿಲ್ಲ, ಚೀಲದಲ್ಲಿ ಕ್ಯಾಲಿಪರ್ ಮಾತ್ರ ಬರ್ತಿತ್ತು.

ಚಿಕ್ಕಪ್ಪ ತೀರಿಕೊಂಡು ಆರು ವರ್ಷ. ಅವನ ಮಕ್ಕಳು ಆ ಕೆಲಸ ಕಲೀಲಿಲ್ಲ. ಕಲೀಬೇಕಿತ್ತು ಅಂತ ನಾನು ಹೇಳಲಾರೆ, ಆ ಕಸುಬಿನ ಜೊತೆ ಅಂಟಿದ ಅವಮಾನದಿಂದ ಓಡಿಬರೋಕೇ ತಾನೇ ನಾವೆಲ್ಲ ಓದಿದ್ದು. ಆದ್ರೆ ಇವತ್ತು ಅಕ್ಕನ ಕ್ಯಾಲಿಪರ್ ಬಾರು ಕಿತ್ರೆ ಬೆಂಗಳೂರಿಗೆ ಹೋಗಬೇಕು. ತೊಗಲಿನ ಜ್ಞಾನಕ್ಕೆ ಲ್ಯಾಬ್ ಕೊಟ್ಟಿದ್ರೆ, ಸಂಬಳ ಕೊಟ್ಟಿದ್ರೆ, ಡಿಪ್ಲೊಮಾ ಕೊಟ್ಟಿದ್ರೆ ಅವನ ಮಕ್ಕಳು ಇವತ್ತು ಕ್ಯಾಲಿಪರ್ ಎಂಜಿನಿಯರ್‌ಗಳಾಗಿರ್ತಿದ್ರು. ಜಾತಿ ಅನ್ನೋದು ಬರೀ ಮನುಷ್ಯರನ್ನ ದೂರ ಇಡಲ್ಲ, ಕೈಯಿಂದ ತಲೆಯನ್ನೇ ದೂರ ಇಡುತ್ತೆ.

ಜೈಪುರ ಕಾಲು ಎಲ್ಲರಿಗೂ ಗೊತ್ತು. 1968ರ ಸುಮಾರಿಗೆ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ರೂಪ ಪಡೆದದ್ದು. ಡಾ. ಪಿ.ಕೆ. ಸೇಥಿ ಅವರ ಹೆಸರು ಗೊತ್ತು, 1981ರಲ್ಲಿ ಅವರಿಗೆ ಮ್ಯಾಗ್ಸೆಸೆ ಬಂತು. ರಾಮಚಂದ್ರ ಶರ್ಮ ಅನ್ನೋರ ಹೆಸರು ಎಷ್ಟು ಜನಕ್ಕೆ ಗೊತ್ತು? ಆ ರಬ್ಬರಿನ ಪಾದವನ್ನ ಕೈಯಾರೆ ರೂಪಿಸಿದ ಕುಶಲಕರ್ಮಿ ಅವರು. ಹೆಚ್ಚು ಶಾಲೆ ಓದಿದವರಲ್ಲ. ದಲಿತರೂ ಅಲ್ಲ, ಅದನ್ನೂ ಹೇಳಿಬಿಡ್ತೀನಿ. ಡಾಕ್ಟರ ತಿಳುವಳಿಕೆಯೂ ಬೇಕಿತ್ತು, ಯಾರು ಇಲ್ಲ ಅಂದ್ರು? ಬರಿಗಾಲಲ್ಲಿ ನಡೆಯೋ, ಚಕ್ಕಂಬಕ್ಕಲ ಹಾಕಿ ಕೂರೋ, ಗದ್ದೆ ಕೆಸರಿಗೆ ಇಳಿಯೋ ಜನಕ್ಕೆ ಆಗೋ ಕಾಲು ಹುಟ್ಟಿದ್ದು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದಕ್ಕೆ. ಬಹುಮಾನದ ವೇದಿಕೆ ಮೇಲೆ ಮಾತ್ರ ಒಂದೇ ಕುರ್ಚಿ ಇತ್ತು.

ಇಲ್ಲಿನ ಹುಡುಗ್ರದ್ದಷ್ಟೇ ತಪ್ಪು ಅನ್ಕೊಬೇಡಿ. 2016ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಸನ್ನೆಭಾಷೆಯನ್ನ ಮಾತಾಗಿ ಬದಲಾಯಿಸೋ ಕೈಗವಸು ಮಾಡಿ 10,000 ಡಾಲರ್ ಬಹುಮಾನ ತಗೊಂಡ್ರು. ಪೇಪರುಗಳೆಲ್ಲ ಹೊಗಳಿದ್ವು. ಕಿವುಡರು ಹೇಳಿದ್ದು ಬೇರೆ: ನಮ್ಮ ಭಾಷೆ ಬರೀ ಕೈಯಲ್ಲಿಲ್ಲ, ಹುಬ್ಬಿನಲ್ಲಿದೆ, ಮುಖದಲ್ಲಿದೆ, ಮೈಯ ವಾಲುವಿಕೆಯಲ್ಲಿದೆ, ಗವಸಿಗೆ ಅದು ಸಿಗಲ್ಲ. ಆಮೇಲೂ ಅಂಥ ಗವಸು ಹುಟ್ತಾನೇ ಇದೆ, ನಮ್ಮ ಕಾಲೇಜುಗಳ ಪ್ರಾಜೆಕ್ಟ್ ಪಟ್ಟಿಯಲ್ಲೂ ಇದೆ. ಕೇಳಿಸಿಕೊಳ್ಳೋರು ಸನ್ನೆ ಕಲಿಯೋ ಬದಲು ಕಿವುಡರ ಕೈಗೆ ಗವಸು ತೊಡಿಸೋದು. ಊಟಕ್ಕೆ ಕರೆಯೋ ಬದಲು ಬೇರೆ ಲೋಟ ಕೊಡೋದು ನಮಗೆ ಗೊತ್ತಲ್ಲ, ಹಂಗೆ.

ಅದೇ ಅಂಧರು ದಿನಾ ಬಳಸೋ ಎನ್‌ವಿಡಿಎ ನೋಡಿ. ಕಂಪ್ಯೂಟರ್ ಪರದೆಯನ್ನ ಓದಿ ಹೇಳೋ ತಂತ್ರಾಂಶ. 2006ರಲ್ಲಿ ಶುರು ಮಾಡಿದ ಮೈಕೆಲ್ ಕರನ್, ಅವನ ಜೊತೆ ಸೇರಿದ ಜೇಮ್ಸ್ ಟೆ, ಇಬ್ಬರೂ ಅಂಧ ಯುವಕರು, ಆಸ್ಟ್ರೇಲಿಯಾದವರು. ದುಬಾರಿ ತಂತ್ರಾಂಶ ಕೊಳ್ಳೋಕಾಗದೋರಿಗೆ ಅಂತ ಪುಕ್ಕಟೆ ಬಿಟ್ರು. ಕನ್ನಡವನ್ನೂ ಓದುತ್ತೆ. ಚುಕ್ಕಿಲಿಪಿ ಮಾಡಿದ ಲೂಯಿ ಬ್ರೈಲ್ ಸ್ವತಃ ಅಂಧ ಹುಡುಗ, ಆಗ ಹದಿನೈದು ವರ್ಷ. ಕಣ್ಣಿದ್ದೋರೂ ಸೇರಿ ಚೆನ್ನಾಗಿ ಮಾಡಿದ್ದುಂಟು, ಇಲ್ಲ ಅನ್ನಲ್ಲ. ದೆಹಲಿ ಐಐಟಿಯ ಸ್ಮಾರ್ಟ್‌ಕೇನ್ ವಿದ್ಯಾರ್ಥಿ ಪ್ರಾಜೆಕ್ಟಾಗಿಯೇ ಶುರುವಾಗಿದ್ದು. ಅಂಧರ ಕೈಗೆ ಕೊಟ್ಟು, ಬೈಸಿಕೊಂಡು, ತಿದ್ದಿ, ವರ್ಷಗಟ್ಟಲೆ ಕೂತು 2014ರಲ್ಲಿ ಹೊರತಂದ್ರು. ಹದಿನೈದು ದಿನದ ಇಂಟರ್ನ್‌ಶಿಪ್ಪಿಗೂ ಅದಕ್ಕೂ ಇರೋ ವ್ಯತ್ಯಾಸ ಆ ವರ್ಷಗಳು.

ಹೆಸರಿನ ವಿಷಯ ಒಂದು ನೆನಪಾಯ್ತು. ಬ್ಯಾನರಿನಲ್ಲಿ ಅಕ್ಕನನ್ನ "ದಿವ್ಯಾಂಗ" ಅಂದಿದಾರೆ. 2015ರಲ್ಲಿ ಪ್ರಧಾನಿ ಕೊಟ್ಟ ಹೆಸರು. ನಮಗೂ ಒಂದು ಕಾಲಕ್ಕೆ ಒಬ್ಬರು ದೇವರ ಹೆಸರು ಸೇರಿಸಿ ಹರಿಜನ ಅಂತ ಕರೆದಿದ್ರು. ದೇವರ ಮಕ್ಕಳಿಗೂ ದೇವಸ್ಥಾನದ ಬಾಗಿಲು ತೆಗೀಲಿಲ್ಲ, ದಿವ್ಯ ಅಂಗದವರಿಗೂ ಬಸ್ಸಿನ ಮೆಟ್ಟಿಲು ಇಳೀಲಿಲ್ಲ. ಆ ಹೆಸರು ಕೊಟ್ಟ ಎರಡು ವರ್ಷಕ್ಕೆ ಜಿಎಸ್‌ಟಿ ಬಂದಾಗ ಗಾಲಿಕುರ್ಚಿಗೂ ಶೇ 5 ತೆರಿಗೆ ಹಾಕಿದ್ರು.

ಈಗ ನಮ್ಮವರಿಗೆ ಒಂದು ಮಾತು, ಬೇಜಾರಾದ್ರೂ ಪರವಾಗಿಲ್ಲ. ಹೋದ ಅಂಬೇಡ್ಕರ್ ಜಯಂತಿಗೆ ತಾಲೂಕಿನಲ್ಲಿ ನಾವೇ ಮಾಡಿದ ಸಭೆ ಇದ್ದಿದ್ದು ಎರಡನೇ ಮಹಡಿಯಲ್ಲಿ. ಅಕ್ಕ ಹೊಸ ನೀಲಿ ಸೀರೆ ಉಟ್ಟು ಬಂದಿದ್ದಳು. ಎತ್ಕೊಂಡು ಹೋಗ್ತೀವಿ ಅಂದ್ರು ಹುಡುಗ್ರು, ಅವಳು ಒಪ್ಪಲಿಲ್ಲ. ಕೆಳಗೆ ಟೀ ಅಂಗಡಿ ಬೆಂಚಿನ ಮೇಲೆ ಕೂತು, ಮೇಲಿನ ಮೈಕಿನಲ್ಲಿ ಸಮಾನತೆ ಬಗ್ಗೆ ತಮ್ಮ ಮಾಡಿದ ಭಾಷಣ ಕೇಳಿಸಿಕೊಂಡಳು. ಆ ತಮ್ಮ ನಾನೇ. ಸಭೆಯ ಜಾಗ ಗೊತ್ತು ಮಾಡಿದ್ದೂ ನಾನೇ. ಇಪ್ಪತ್ತೈದು ವರ್ಷದ ಸಂಘಟನೆಯಲ್ಲಿ ನನಗದು ಹೊಳೆದಿರಲಿಲ್ಲ ಅಂದ್ರೆ, ಇಪ್ಪತ್ತೊಂದು ವರ್ಷದ ಆ ಹುಡುಗ್ರನ್ನ ಎಷ್ಟು ಬೈಯ್ಯಲಿ?

ಹಂಗಂತ ಕಾಲೇಜನ್ನ ಬಿಡಲ್ಲ. ಬರೋ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು, ಅಕ್ಕನ ಮಗಳು, ಪಂಚಾಯ್ತಿಯ ಆ ಪುನರ್ವಸತಿ ಕಾರ್ಯಕರ್ತ ಮೂವರೂ ಪ್ರಿನ್ಸಿಪಾಲರನ್ನ ನೋಡೋಕೆ ಹೋಗ್ತಿದೀವಿ. ಕೇಳೋದು ಇಷ್ಟು. ಅಕ್ಕನ ಫೋಟೋ ತೆಗೀಬೇಕು. ಕೋಲಿನ ದುಡ್ಡು ಕೊಡಬೇಕು. ಮುಂದೆ ಯಾರ ಮನೆಗೆ ಮಕ್ಕಳನ್ನ ಕಳಿಸಿದ್ರೂ ಆ ಮನೆಯವರ ದಿನಗೂಲಿ ಕಟ್ಟಿಕೊಡಬೇಕು, ಅವರು ಕಲಿಸೋರು, ಬಿಟ್ಟಿ ಪ್ರಾಣಿಗಳಲ್ಲ. ಮಾಡಿದ ಸಾಧನ ಆ ಮನೆಯಲ್ಲೇ ಉಳೀಬೇಕು, ಕೆಟ್ರೆ ರಿಪೇರಿ ಯಾರು ಮಾಡ್ತಾರೆ ಅಂತ ಬರೆದುಕೊಡಬೇಕು. ಇಂಟರ್ನ್‌ಶಿಪ್ಪಿಗೆ ಸ್ಟೈಪೆಂಡ್ ಇರಬೇಕು, ನಮ್ಮ ಮಕ್ಕಳಿಗೆ, ಅಂಗವಿಕಲ ಮಕ್ಕಳಿಗೆ ಸೀಟು ಇರಬೇಕು. ಕೊನೆಯದಕ್ಕೆ ಅವರು ನಮ್ಮ ಕೈಲಿ ಇಲ್ಲ ಅಂತಾರೆ, ಗೊತ್ತು. ಯಾರ ಕೈಲಿ ಇದೆ ಅಂತ ಬರೆದುಕೊಡಿ ಅಂತೀನಿ, ಅಲ್ಲಿಗೂ ಹೋಗ್ತೀವಿ. ಬೆಂಗಳೂರಿನಲ್ಲಿರೋ ಗೆಳೆಯರು ಬರೋದಾದ್ರೆ ಇನ್‌ಬಾಕ್ಸಿಗೆ ಬನ್ನಿ. ಕಾಲೇಜಿನ ಹೆಸರು ಇಲ್ಲಿ ಹಾಕಲ್ಲ, ಕಾಮೆಂಟಿನಲ್ಲಿ ಊಹೆ ಮಾಡೋಕೂ ಹೋಗಬೇಡಿ. ಮೊದಲು ಅವರ ಉತ್ತರ ಕೇಳೋಣ.

ಅಕ್ಕ ಬರಲ್ವಂತೆ. ಗೌರಿ ಹಬ್ಬಕ್ಕೆ ಹನ್ನೆರಡು ರವಿಕೆ ಕೊಡೋದಿದೆ.

ಇನ್ನೊಂದು. ಸೋಮವಾರದೊಳಗೆ ಯಾರಾದ್ರೂ ಬೆಂಗಳೂರಿನಿಂದ ಪಾವಗಡ ಕಡೆ ಬರೋರಿದ್ರೆ ಕಂಕುಳ ಕೋಲಿನ ರಬ್ಬರ್ ಬುಷ್ ಆರು ಜೊತೆ ತನ್ನಿ, ದುಡ್ಡು ಕೊಡ್ತೀನಿ. ಎಡಗಡೆದು ಪೂರ್ತಿ ಸವೆದಿದೆ, ಮಳೆ ಬೇರೆ ಶುರುವಾಗಿದೆ.